ತೂಕದ ಚೀಟಿ

ಹತ್ತಕ್ಕೆ ಬನ್ನಿ ಅಂದಿದ್ದೆ, ಬಂದಾಗ ಹನ್ನೆರಡು.
ಲೈನ್‌ಮನೆ ದಾರಿಯಲ್ಲಿ ಒಂಟಿಸಲಗ ನಿಂತಿತ್ತಂತೆ,
ಹಲಸಿನ ಬುಡ ಬಿಟ್ಟು ಕದಲಲಿಲ್ಲವಂತೆ.
ಮಾಲ್ದಾರೆಯಲ್ಲಿ ಇದು ನೆಪವಲ್ಲ.

ಪಂಚಾಯ್ತಿ ಗ್ರಂಥಾಲಯದ ಉದ್ದ ಮೇಜು.
ಒಂದು ತುದಿಗೆ ನಿನ್ನೆಯ ಪೇಪರು,
ಇನ್ನೊಂದಕ್ಕೆ ಚುಬ್ರಿ ಸುರಿದ ಪ್ಲಾಸ್ಟಿಕ್ ಕವರು:
ಜಾತಿ ಪತ್ರ, ಆದಾಯ ಪತ್ರ, ಮಗಳ ಅಂಕಪಟ್ಟಿ,
ಮಡಚಿ ಮಡಚಿ ನಾಲ್ಕಾಗಲು ಕಾದಿರುವ ರೇಷನ್ ಕಾರ್ಡು.
ಆಧಾರಿನಲ್ಲಿ ಅವಳು ಸುಬ್ರಿ, ಬ್ಯಾಂಕಿನಲ್ಲಿ ಚುಬ್ಬಿ.
ಇದರಲ್ಲಿ ಯಾವುದು ನೀನು ಅಂದೆ.
"ಯಾರು ಹೆಂಗೆ ಕರೆದ್ರೂ ಓ ಅಂತೀನಿ ಅಕ್ಕ."
ಕಂಪ್ಯೂಟರು ಹಾಗೆ ಓಗೊಡುವುದಿಲ್ಲ, ಏನು ಮಾಡಲಿ.

ಸಿಂಧುವಿಗೆ ವಿರಾಜಪೇಟೆಯಲ್ಲಿ ಬಿ.ಕಾಂ. ಸೀಟು.
ಫೀಸು, ಹಾಸ್ಟೆಲ್ಲು, ಪುಸ್ತಕ, ಎಲ್ಲಕ್ಕೂ
ಒಂದೇ ಅರ್ಜಿ, ಹದಿನೇಳು ಪ್ರಶ್ನೆ.
ವಾರ್ಷಿಕ ಆದಾಯ ಎಂದು ಓದಿದೆ.
"ವರ್ಷ ಅಂದ್ರೆ ಯಾವ್ದು ಅಕ್ಕ,
ಹಣ್ಣು ಕೊಯ್ಯೋದಾ, ಗಂಜಿಗೂ ಇಲ್ಲದ ಕಕ್ಕಡದ್ದಾ?"
ಪತ್ರದಲ್ಲಿದ್ದುದನ್ನೇ ಹಾಕಿದೆ.
ಆ ಅಂಕಿಯನ್ನು ಹೇಳಿದ್ದು ಯಾರೆಂದು ನಾನೂ ಕೇಳಲಿಲ್ಲ,
ಅವಳೂ ಹೇಳಲಿಲ್ಲ.

ಆಮೇಲೆ ಮಗಳನ್ನು ಬಿಟ್ಟು ನನ್ನನ್ನೇ ನೋಡಿ ಕೇಳಿದಳು:
"ಈ ದುಡ್ಡು ಕೊಡೋರ ತೋಟ ಎಲ್ಲಿದೆ?"

ಮುಂಗಡ ಅವಳಿಗೆ ಗೊತ್ತು.
ಗಂಡನ ಆಸ್ಪತ್ರೆಗೆ ತಂದ ಹನ್ನೆರಡು ಸಾವಿರ
ಮೂರು ಕೊಯ್ಲು ತಿಂದಿತ್ತು.
ಗಂಡ ಉಳಿಯಲಿಲ್ಲ, ಬಾಕಿ ಉಳಿಯಿತು.

ತೋಟ ಇಲ್ಲ ಚುಬ್ರಿ, ಇದು ಸರ್ಕಾರದ್ದು.
"ಹಂಗಾದ್ರೆ ಇನ್ನೂ ದೊಡ್ಡ ತೋಟ."
ಸಾಲ ಅಲ್ಲ. ತಿರುಗಿ ಕೊಡೋದಿಲ್ಲ.
"ಇವಳು ನಡುವೆ ಬಿಟ್ರೆ?"
ಮುಂದಿನ ವರ್ಷದ್ದು ನಿಲ್ಲುತ್ತದೆ, ಅಷ್ಟೇ.
ಮೂರು ಸಲ ಹೇಳಿಸಿದಳು,
ಮೂರನೆಯ ಸಲ ತಮ್ಮ ಯರವ ಮಾತಿನಲ್ಲಿ, ಮಗಳ ಬಾಯಿಂದ.
ಅದರಲ್ಲಿ ಸಾಲಕ್ಕೆ ಯಾವ ಪದವೋ, ನನಗೆ ತಿಳಿಯದು.
ಸಿಂಧು ಅದನ್ನು ಹೇಳುವಾಗ ಮಾತ್ರ ದನಿ ತಗ್ಗಿಸಿದಳು.

ಪಾಸ್‌ಬುಕ್ ನೋಡಿ ಖಾತೆ ಸಂಖ್ಯೆ ಒತ್ತತೊಡಗಿದೆ.
"ಅಕ್ಕ, ನಿಲ್ಸು. ಎಂಟಾದ ಮೇಲೆ ಮೂರು.
ನೀನು ಮೂರು ಮುಂದೆ ಹೊಡೆದೆ."

ಅಕ್ಷರ ಬಾರದವಳು.
ಇಪ್ಪತ್ತು ಕೊಯ್ಲು ತಕ್ಕಡಿ ಮುಂದೆ ನಿಂತು
ರೈಟರ ಚೀಟಿಯಲ್ಲಿ ಐವತ್ತೆಂಟು ಕಿಲೋ
ಐವತ್ತಮೂರಾಗದ ಹಾಗೆ ಕಣ್ಣಿಟ್ಟವಳು.

ನನ್ನ ಕೈ ಕೀಲಿಗಳ ಮೇಲೇ ಉಳಿಯಿತು.
ಹೋದ ವರ್ಷ ಮಿಥುನನ ಅರ್ಜಿ ತುಂಬಿದ್ದೂ ನಾನೇ.
ಒಂದೇ ಒಂದು ಅಂಕಿ ಹಿಂದುಮುಂದು.
ದುಡ್ಡು ಬರಲಿಲ್ಲ, ಯಾಕೆಂದು ತಿಳಿಯುವಷ್ಟರಲ್ಲಿ
ಕಾಲೇಜಿನಲ್ಲಿ ಅವನ ಹೆಸರಿರಲಿಲ್ಲ.
ಈಗ ಪಿಕಪ್ಪಿಗೆ ಶುಂಠಿ ಹೇರುತ್ತಾನೆ,
ಎದುರು ಸಿಕ್ಕರೆ ಹಾರ್ನ್ ಹೊಡೆದು ಕೈ ಎತ್ತುತ್ತಾನೆ.
ಬೈದಿದ್ದರೆ ಚೆನ್ನಾಗಿತ್ತು.

ಅಳಿಸಿದೆ. ಅವಳು ಓದಿದಳು, ನಾನು ಒತ್ತಿದೆ.

ಇನ್ನು ಒಟಿಪಿ. ಸಿಗ್ನಲ್ಲು ಹೊರಗಿನ ನಲ್ಲಿಯ ಬಳಿ ಮಾತ್ರ.
ಮೂವರೂ ಒಂದು ಫೋನನ್ನು ಸುತ್ತಿ ನಿಂತೆವು.
ಟಿಂಗ್ ಅಂದಿತು. ಅರಣ್ಯ ಇಲಾಖೆ:
ಆನೆ ಸಂಚಾರವಿದೆ, ಕಾರ್ಮಿಕರು ಎಚ್ಚರವಹಿಸಿ.
"ಈಗ ಹೇಳ್ತಾರೆ," ಅಂದಳು ಸಿಂಧು. ನಕ್ಕೆವು.
ಮತ್ತೆ ಟಿಂಗ್. ಆರು ಅಂಕಿ.
ಚುಬ್ರಿ ಒಂದೊಂದನ್ನೇ ಜೋರಾಗಿ ಕೂಗಿದಳು,
ಚೀಲ ಎತ್ತಿಟ್ಟ ಮೇಲೆ ಮುಳ್ಳು ನಿಲ್ಲುವಷ್ಟು ತಡೆದು ತಡೆದು.
ಒಳಗೆ ಓಡಿ ಒತ್ತಿದವಳು ಸಿಂಧು.

ಅರ್ಜಿ ಸ್ವೀಕರಿಸಲಾಗಿದೆ. ಮಂಜೂರಾಗಿದೆ ಅಂತಲ್ಲ,
ಅದನ್ನೂ ಬಿಡಿಸಿ ಹೇಳಿದೆ.
ಪ್ರಿಂಟು ಮಡಚಬೇಡ ಅಂದರೂ ಮಡಚಿ
ಕೊಯ್ಲಿನ ಚೀಟಿಗಳ ಕಟ್ಟಿಗೆ ಸೇರಿಸಿದಳು.

ಬಾಗಿಲಲ್ಲಿ ತಡೆದು ಕೇಳಿದೆ:
ಮುಂದಿನ ಭಾನುವಾರ ಹಾಡಿಯಿಂದ ಎಂಟು ಮನೆಯವರು ಬರ್ತಾರೆ,
ನನ್ನ ಪಕ್ಕ ಕೂತು ಅಂಕಿ ನೋಡ್ತೀಯಾ?

ಸೆರಗಿನ ಗಂಟು ಬಿಗಿದಳು.
"ಕೊಯ್ಲಿದೆ ಅಕ್ಕ ಅವತ್ತು. ಕೂಲಿ ಎಷ್ಟು?"

ನಗುತ್ತಿರಲಿಲ್ಲ.
ನಾನಿನ್ನೂ ಲೆಕ್ಕ ಹಾಕುತ್ತಿದ್ದೇನೆ.