ಜವರಯ್ಯನ ಕಂತು

ತಿಂಗಳ ಎರಡನೇ ಶನಿವಾರ
ಮಂಡಿ ಮೊಹಲ್ಲಾದ ನಮ್ಮ ಗಲ್ಲಿಗೆ ಜವರಯ್ಯ ನಡೆದು ಬರುತ್ತಾನೆ.
ಜೇಬಿನಲ್ಲಿ ಎರಡು ಸಾವಿರ, ನಾಲ್ಕು ಮಡಿಕೆ.
ಕೈಯಲ್ಲಿ ಒಂದು ಟ್ರೇ ಮೊಟ್ಟೆ,
ಅದು ಲೆಕ್ಕಕ್ಕಲ್ಲ ಅನ್ನುತ್ತಾನೆ.

ಆಸ್ಪತ್ರೆಯಲ್ಲಿ ಪೊಲೀಸಿನವರು ಹೆಸರು ಓದಿದಾಗ
ನಗು ಬಂದು ಹೊಲಿಗೆ ಎಳೆದಿತ್ತು.
ಕೋಣ ಮಾರಿ ಮೊಟ್ಟೆ ಗಾಡಿ ಕೊಂಡಿದ್ದಾನೆ ನೋಡು
ಅಂದೆ ರಬಿಯಾಗೆ.
ಅವಳು ನಗಲಿಲ್ಲ.

ರಿಂಗ್ ರೋಡು, ಬೋಗಾದಿ ತಿರುವು, ಬೆಳಗಿನ ಆರೂಕಾಲು.
ನಾನಿದ್ದದ್ದು ನಾದಿನಿಯ ಸ್ಕೂಟಿಯಲ್ಲಿ. ಅದರ ವಿಮೆ ಸರಿಯಾಗೇ ಇತ್ತು:
ನಾನು ಯಾರಿಗಾದರೂ ಗುದ್ದಿದ್ದರೆ ಅವರಿಗೆ ಸಿಗುವಂಥದ್ದು.
ಊರನ್ನೆಲ್ಲ ಕಾಯುತ್ತದೆ, ನನ್ನೊಬ್ಬನನ್ನು ಬಿಟ್ಟು.
ಅವನದು ಮುಗಿದು ಹನ್ನೊಂದು ದಿನವಾಗಿತ್ತು.

ಹನ್ನೊಂದು ದಿನ.
ಯಾಕಯ್ಯಾ ಕಟ್ಟಲಿಲ್ಲ ಅಂತ ಒಮ್ಮೆ ಕೇಳಿದೆ.
ದುಡ್ಡೆಲ್ಲ ಮೊಟ್ಟೇಲಿತ್ತು ಸಾಬ್ರೆ ಅಂದ,
ಶ್ರಾವಣ, ಯಾರೂ ಮುಟ್ತಿರಲಿಲ್ಲ.
ಕಾವು ಕೂತ ಕೋಳಿಗೂ ಇಪ್ಪತ್ತೊಂದು ದಿನ ಬೇಕು.
ಹನ್ನೊಂದಕ್ಕೆ ಒಡೆದರೆ
ಒಳಗೆ ಕೆಂಪು ಗೆರೆ, ಒಂದು ಕಪ್ಪು ಕಣ್ಣು, ಅಷ್ಟೆ.

ಬೀಟೆ ಹಲಗೆಯಲ್ಲಿ ಗುಳಿ ತೆಗೆದು
ಬೇರೆ ಮರ ಕೂರಿಸುವುದು ನನ್ನ ಕೆಲಸ.
ಬೆಳಗಿನ ಆಕಾಶಕ್ಕೆ ಹಲಸು,
ಆನೆಯ ದಂತಕ್ಕೆ ಈಗ ಬಿಳಿ ಪ್ಲಾಸ್ಟಿಕ್.
ಕೂದಲೆಳೆ ಸಂದಿ ಉಳಿದರೂ ಅಬ್ಬಾ ಹಲಗೆ ವಾಪಸ್ಸು ಎಸೆಯುತ್ತಿದ್ದರು.
ಬಲಗೈ ಮಣಿಕಟ್ಟಿನಲ್ಲಿ ಈಗ ಏಳು ತಿರುಪು, ಒಂದು ತಗಡು.
ಗರಗಸ ಹಿಡಿದರೆ ಆನೆಯ ಬೆನ್ನು ಗುಡ್ಡವಾಗುತ್ತದೆ.
ಇನ್ನೊಬ್ಬರ ಆನೆಗೆ ಉಪ್ಪುಕಾಗದ ಉಜ್ಜುತ್ತೇನೆ, ದಿನಗೂಲಿ.

ಮಳಲವಾಡಿ ಕೋರ್ಟಿನಲ್ಲಿ ಡಾಕ್ಟರು
ಕೈ ಶೇಕಡಾ ಮೂವತ್ತೆರಡು ಹೋಗಿದೆ ಅಂದರು.
ಮಿಕ್ಕ ಅರವತ್ತೆಂಟು ಎಲ್ಲಿದೆ ಅಂತ ಯಾರೂ ಕೇಳಲಿಲ್ಲ.
ಕಂಪನಿ ವಕೀಲರು ಎರಡು ನಿಮಿಷ ನಿಂತರು:
ಆ ತಾರೀಖಿಗೆ ಪಾಲಿಸಿ ಇರಲಿಲ್ಲ, ನಮಸ್ಕಾರ.
ಏಳು ಲಕ್ಷ ನಲವತ್ತು ಸಾವಿರ, ಶೇಕಡಾ ಆರರ ಬಡ್ಡಿ,
ಗಾಡಿಯ ಮಾಲೀಕನೇ ಕೊಡತಕ್ಕದ್ದು.
ರಬಿಯಾ ಸಿಹಿ ಹಂಚಿದಳು.
ಎದುರು ಮನೆಯವರು ಸಾಲ ಕೇಳಿದರು.

ಗಾಡಿ ಠಾಣೆಯ ಹಿತ್ತಿಲಲ್ಲಿತ್ತು, ಟೈರು ಕೂತು,
ಕ್ಯಾಬಿನ್ನಿನೊಳಗೆ ಹರಳುಗಿಡ ಎದ್ದು.
ಹರಾಜಿನಲ್ಲಿ ನಲವತ್ತೊಂದು ಸಾವಿರ.
ಜಪ್ತಿಗೆಂದು ಪಾಂಡವಪುರದಾಚೆ ಅವನೂರಿಗೆ
ಅಮೀನರ ಜೊತೆ ನಾನೂ ಹೋದೆ.
ಬಾಡಿಗೆ ಮನೆ. ಒಂದು ಟಿವಿ, ಒಂದು ಗ್ರೈಂಡರು,
ಸೂರಿನ ತನಕ ಖಾಲಿ ಟ್ರೇ.
ಅಮೀನರು ಪೆನ್ನು ತೆಗೆದು ಏನಂತ ಬರೆಯಲಿ ಅಂದರು,
ನನ್ನನ್ನೋ ಅವನನ್ನೋ ಗೊತ್ತಾಗಲಿಲ್ಲ.
ಅವನ ಮಗಳು ನೀರು ತಂದಳು.
ಎಡಗೈಯಲ್ಲಿ ಇಸಕೊಂಡೆ, ನಾಚಿಕೆಯಾಯಿತು.

ಜೈಲಿಗೆ ಹಾಕಿಸಬಹುದು ಅಂದರು ನಮ್ಮ ವಕೀಲರು.
ಹಾಕಿಸಿದರೆ ಎರಡನೇ ಶನಿವಾರ ಯಾರು ಬರುತ್ತಾರೆ?

ಒಂದು ರಾತ್ರಿ ಲೆಕ್ಕ ಹಾಕಿದೆ.
ತಿಂಗಳಿಗೆ ಎರಡು ಸಾವಿರ, ಇಪ್ಪತ್ತೊಂಬತ್ತು ವರ್ಷ ಚಿಲ್ಲರೆ.
ನನಗೆ ನಲವತ್ತಾರು, ಅವನಿಗೆ ಐವತ್ತೊಂದು.
ವಕೀಲರು ನಕ್ಕರು. ಬಡ್ಡಿ ಮರೆತಿರಲ್ಲ,
ತಿಂಗಳ ಬಡ್ಡಿಯೇ ಮೂರೂವರೆ ಸಾವಿರ,
ಅಸಲು ಕದಲುವುದೇ ಇಲ್ಲ.

ಹಾಗಾಗಿ ಅವನು ಸಾಯುವಂತಿಲ್ಲ.
ಹೋದ ತಿಂಗಳು ಕೆಮ್ಮುತ್ತಿದ್ದ.
ಕೆ.ಆರ್. ಆಸ್ಪತ್ರೆಗೆ ತೋರಿಸು ಅಂತ ಗದರಿದೆ,
ಬೀಡಿ ಕಿತ್ತು ಚರಂಡಿಗೆ ಎಸೆದೆ.
ದುವಾದಲ್ಲಿ, ಮಕ್ಕಳ ಹೆಸರಾದ ಮೇಲೆ,
ಜವರಯ್ಯನಿಗೆ ಆಯುಸ್ಸು ಕೇಳುತ್ತೇನೆ.
ಮೇಲಿನವನಿಗೆ ಏನನ್ನಿಸುತ್ತದೋ.

ಸಂದಿ ಬಿದ್ದರೆ ಬೀಟೆ ಹುಡಿಗೆ ಅಂಟು ಕಲಸಿ ತುಂಬುವುದುಂಟು.
ಮೆರುಗು ಹಚ್ಚಿದ ಮೇಲೆ ಗಿರಾಕಿಗೆ ಕಾಣುವುದಿಲ್ಲ.
ಬೆರಳಿಗೆ ಗೊತ್ತಾಗುತ್ತದೆ.

ಈ ಸಲ ಸಾವಿರದ ಎಂಟುನೂರು ತಂದ.
ಎಣಿಸಿದೆ. ಎಣಿಸುವಷ್ಟು ಹೊತ್ತು ಗೋಡೆ ನೋಡುತ್ತಿದ್ದ.
ಒಂದು ಮೊಟ್ಟೆ ಬಿರಿದಿತ್ತು,
ರಬಿಯಾ ಅದನ್ನೇ ಮೊದಲು ಬಾಣಲೆಗೆ ಒಡೆದಳು.
ತಿಂದು ಹೋಗು ಅಂದೆ.
ಚಪ್ಪಲಿ ಬಿಟ್ಟು ಒಳಗೆ ಬಂದ.