ಮಜ್ಜಿಗಿ ರೊಕ್ಕ

ಉದ್ಯಮಬಾಗಿನ ಎರಕದ ಕಾರಖಾನೆ, ಮಹಡಿ ಮೇಲಿನ ಕೋಣೆ.
ಕಿಟಕಿ ತೆರೆದರೆ ಕೀಬೋರ್ಡಿನ ಸಂದಿಗೆ ಕರಿಮರಳು,
ಮುಚ್ಚಿದರೆ ಕಂಪ್ಯೂಟರಿನ ಜೊತೆ ನಾನೂ ಬೇಯುತ್ತೇನೆ.
ಪಗಾರದ ಪ್ರೋಗ್ರಾಮು ನನ್ನ ಪಾಲಿಗೆ ಬಂದು ಮೂರು ವಾರ.
ಬರೆದವರು ಚಿಕ್ಕೋಡಿಮಠ ಸರ್, ಇಪ್ಪತ್ತಾರು ವರ್ಷದ ಹಿಂದೆ;
ಆಮೇಲೆ ಬಂದವರದು ಒಬ್ಬೊಬ್ಬರದೊಂದು ತೇಪೆ.

ಇನ್ನೂರ ನಲವತ್ತು ಫೈಲು. ಎಲ್ಲಿಂದ ಹಿಡಿಯಲಿ?
ಹೊಸ ಸೊಸೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ಮೂಸುವಂತೆ
ಒಂದರಿಂದ ಓದುತ್ತ ಬಂದೆ.
ಹದಿನೇಳನೆಯದಕ್ಕೆ ಕಣ್ಣು ಸೋತವು.

ಕೆಳಗೆ ಅಂಗಳದಲ್ಲಿ ನಾಗೋಜಿ ಗಾವಡೆ
ಪಂಪಿನ ಮೈಗಳನ್ನು ಸಾಲಾಗಿಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದ.
ಠಣ್. ಠಣ್.
ಒಂದು ಮಾತ್ರ ಧಪ್ ಎಂದಿತು, ಒದ್ದೆ ಗೋಣಿಯ ಹಾಗೆ.
ಕಾಲಿನಿಂದ ಆಚೆ ಸರಿಸಿದ.

‘ಮೈ ತುಂಬಾ ಬಡಿಯೂದಿಲ್ಲೇನ ಕಾಕಾ?’
‘ಹಂಗ ಬಡಕೋಂತ ಕುಂತ್ರ ದೀಪಾವಳಿ ಬರತೈತಿ ತಂಗಿ.
ದಪ್ಪಂದು ತೆಳ್ಳಂದು ಕೂಡೂ ಮೂಲ್ಯಾಗ ನೋಡಬೇಕು.
ತೆಳ್ಳಂದು ಲಗೂನ ಆರತೈತಿ, ದಪ್ಪಂದು ತಡಾ ಮಾಡಿ.
ಬಿರುಕು ಆ ಎರಡರ ಜಗಳದಾಗ ಹುಟ್ಟತೈತಿ.’

ಮೇಲೆ ಬಂದು ಫೈಲು ಮುಚ್ಚಿಟ್ಟೆ,
ಯಾವುದಕ್ಕೆ ಎಷ್ಟು ಸಲ ಕೈ ಬಿದ್ದಿದೆ ಎಂಬ ದಾಖಲೆ ತೆರೆದೆ.
ಇನ್ನೂರನ್ನು ಒಂಬತ್ತು ವರ್ಷದಿಂದ ಯಾರೂ ಮುಟ್ಟಿಲ್ಲ.
ಚಂದವೇನಿಲ್ಲ. ಆದರೆ ನಿದ್ದೆಯಲ್ಲಿವೆ, ಮಲಗಲಿ.
ನಾಲ್ಕಕ್ಕೆ ಮಾತ್ರ ತಿಂಗಳು ತಿಂಗಳು ಹೊಲಿಗೆ,
ಅದರಲ್ಲೊಂದು ಮೂರು ಸಾವಿರ ಸಾಲಿನ ದಪ್ಪ,
ತೆಳ್ಳನೆಯವೆಲ್ಲ ಅದಕ್ಕೇ ಜೋತುಬಿದ್ದಿವೆ.
ಓವರ್‌ಟೈಮಿನ ಒಂದೇ ಲೆಕ್ಕ ಅಲ್ಲಿ ಐದು ಕಡೆ.
ದರ ಏರಿದಾಗಲೆಲ್ಲ ಯಾರೋ ಒಂದು ಕಡೆ ಮರೆತಿದ್ದಾರೆ,
ಯಾರೋ ಚೀಟಿ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಾರೆ.
ಧಪ್.

ಮುಟ್ಟುವ ಮೊದಲು ಹೋದ ತಿಂಗಳ ಆರುನೂರ ಹನ್ನೆರಡು ಚೀಟಿ ತೆಗೆದಿಟ್ಟೆ.
ಐದನ್ನು ಒಂದು ಮಾಡಿದೆ. ಹೋಲಿಸಿದೆ. ಪೈಸೆಗೆ ಪೈಸೆ.
ಧೈರ್ಯ ಬಂತು.
ಟೋಕನ್ ನಾನೂರರಿಂದ ನಾನೂರ ಮೂವತ್ತರವರೆಗೆ ಅರವತ್ತು ಕೂಡಿಸು
ಎಂಬ ದಿಕ್ಕಿಲ್ಲದ ಸಾಲೊಂದಿತ್ತು,
ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ: ಕೈ ಹಚ್ಚಬ್ಯಾಡ್ರಿ.
ಹಚ್ಚಿದೆ. ಅಳಿಸಿದೆ.
ಮೂವತ್ತೊಂದು ಚೀಟಿ ಕೂಡಲಿಲ್ಲ.

‘ಅದು ಮಜ್ಜಿಗಿ ರೊಕ್ಕ’ ಅಂದ ನಾಗೋಜಿ,
ಸುತ್ತಿಗೆ ಕೆಳಗಿಡದೆ. ‘ಭಟ್ಟಿ ಮುಂದಿನ ಮಂದಿದು.
ಮಠದ ಸಾಹೇಬ್ರು ಒಂದಿನ ಬಂದು ಅರ್ಧಾ ತಾಸು ನಿಂತಿದ್ರು ಅಲ್ಲಿ.
ಮುಂದಿನ ಪಗಾರದಿಂದ ಬರಾಕತ್ತು.
ಮಾಲಕರಿಗೆ ಗೊತ್ತೈತೋ ಇಲ್ಲೋ, ನಾವು ಕೇಳಿಲ್ಲ.’

ಸಾಲನ್ನು ಮರಳಿ ಇಟ್ಟೆ. ಚೀಟಿಗಳು ಕೂಡಿದವು.
ಈಗ ಅದಕ್ಕೊಂದು ಹೆಸರು ಕೊಡಬೇಕು;
ನಾಳೆ ಬರುವವರಿಗೆ ಅರ್ಥವಾಗುವ ಹೆಸರು, ಅದೇ ನನ್ನ ಕೆಲಸ.
ಹೆಸರಿಟ್ಟರೆ ಕಾಣುತ್ತದೆ.
ಕಂಡರೆ ಯಾರಾದರೂ ಕೇಳುತ್ತಾರೆ.

ಪಾಳಿ ಬದಲಾಗುವ ಸೈರನ್ನು. ಕರ್ಸರು ಮಿಣುಕುತ್ತಿದೆ.
ಮ, ಎಂದು ಒತ್ತಿದೆ.