ಊಟಕ್ಕೆ ಹೆಸರಿಟ್ಟದ್ದು

ಕುತೈಸಿಯ ನೀರು ಸರಬರಾಜು ಕಚೇರಿ,
ಎರಡನೇ ಮಹಡಿ, ಮೀಟರು ವಿಭಾಗ.
ಒಂದಕ್ಕೆ ಐದು ನಿಮಿಷವಿದ್ದಾಗ
ವರ್ಲಾಮನ ಬಿಳಿ ವ್ಯಾನು ಅಂಗಳದಲ್ಲಿ ಕೆಮ್ಮುತ್ತಿತ್ತು.
ಆ ಕೆಮ್ಮಿಗೇ ಅರ್ಧ ಹಸಿವು ಇಳಿದುಹೋಗುತ್ತಿತ್ತು.

ಡಬ್ಬಿ ತೆರೆದರೆ ಮುಚ್ಚಳದ ಒಳಮೈಯೆಲ್ಲ ಬೆವರು.
ಅಚ್ಚಿಗೆ ಒತ್ತಿ ಮರೆತಂಥ ಕಂದು ನುಚ್ಚು,
ಲೋಬಿಯೋ ಎಂದು ಚೀಟಿ ಅಂಟಿಸಿಕೊಂಡ
ಕೆಂಪು ಕಾಳಿನ ನೀರು:
ಅಕ್ರೋಟಿಲ್ಲ, ಕೊತ್ತಂಬರಿಯಿಲ್ಲ, ಮಾನವೂ ಇಲ್ಲ.
ಮಂಗಳವಾರ ಕಟ್ಲೆಟ್ಟು.
ಬದ್ರಿ ಒಮ್ಮೆ ಅದನ್ನು ಮೇಜಿನ ಮೇಲಿಂದ ಕೆಳಗೆ ಬಿಟ್ಟ,
ಪರೀಕ್ಷೆಗೆಂದು.
ಪುಟಿಯಲಿಲ್ಲ, ಒಡೆಯಲೂ ಇಲ್ಲ,
ಬಿದ್ದಲ್ಲೇ ಬಿದ್ದಿತ್ತು, ನಮ್ಮೊಳಗಿನ ಒಬ್ಬ ಗುಮಾಸ್ತನ ಹಾಗೆ.

ಪುಕ್ಕಟೆಯದಲ್ಲ, ದಿನಕ್ಕಿಷ್ಟು ಅಂತ ಸಂಬಳದಲ್ಲಿ ಮುರಿಯುತ್ತಾರೆ.
ಹೇಳೋಣ ಅಂದಳು ತ್ಸಿಯಾಲ.
ಯಾರಿಗೆ? ಅಂದ ಗೋಚ.
ಅವನ ಮೇಜಿನ ಮೇಲೆ ಅವತ್ತಿನ ಇಪ್ಪತ್ತಮೂರು ದೂರುಗಳಿದ್ದವು:
ನಲ್ಲಿಯಲ್ಲಿ ಗಾಳಿ, ಬಿಲ್ಲಿನಲ್ಲಿ ಪ್ರವಾಹ.
ನಾವು ಅವುಗಳಿಗೆ ಏನು ಮಾಡುತ್ತೇವೋ
ನಮ್ಮದಕ್ಕೂ ಅದೇ ಆಗುತ್ತದೆ, ಅಂದ.
‘ಪರಿಶೀಲಿಸಲಾಗಿದೆ’ ಎಂದು ನೀಲಿ ಮುದ್ರೆ ಒತ್ತಿ
ಕೆಳಗಿನ ಖಾನೆಗೆ ತಳ್ಳುತ್ತೇವೆ.

ನಜಿಬ್ರೋಲ ನಮ್ಮಲ್ಲೆಲ್ಲ ಹಿರಿಯಳು.
ಕರೆಂಟಿಲ್ಲದ ಚಳಿಗಾಲಗಳಲ್ಲಿ
ಬೆಳಗಿನ ನಾಲ್ಕಕ್ಕೆ ರೊಟ್ಟಿಯ ಸಾಲಿನಲ್ಲಿ ನಿಂತು
ಮುಂದಿನವಳ ಕೋಟಿನ ಬೆನ್ನಿಗೆ ಹಣೆ ಒರಗಿಸಿ ನಿದ್ದೆ ಮಾಡಿದವಳು.
ಊಟಕ್ಕೆ ಹೆಸರಿಡಬಾರದು ಅಂದಳು,
ಮತ್ತೆ ಚಮಚದಲ್ಲಿ ಕಾಳನ್ನು ಹುಡುಕತೊಡಗಿದಳು.

ಅಕ್ಷರ ದುಂಡಗಿದೆ ಅಂತ ನನ್ನ ಕೈಯಲ್ಲೇ ಬರೆಸಿದರು.
‘ರುಚಿಯಿಲ್ಲ’ ಎಂದು ಬರೆದೆ; ಖಾರವಾಯಿತು ಅಂದರು.
‘ರುಚಿ ಇನ್ನಷ್ಟು ಇರಬಹುದಿತ್ತು’ ಎಂದೆ.
‘ದಯವಿಟ್ಟು’ ನಾಲ್ಕು ಸಲ ಬಂತು.
ಹೀಗೆ ಬರೆದರೆ ನಮ್ಮದೇ ತಪ್ಪು ಅನಿಸುತ್ತೆ,
ಎಂದು ತ್ಸಿಯಾಲ ಎರಡನ್ನು ಹೊಡೆದುಹಾಕಿದಳು.
ಸಹಿಗೆ ಹಾಳೆ ಸುತ್ತು ಹೊರಟಾಗ
ಎಲ್ಲರಿಗೂ ಒಮ್ಮೆಲೇ ಫೋನು, ಕೆಮ್ಮು, ಶೌಚಾಲಯ.
ಹೆಸರಿಡಬಾರದು ಅಂದವಳೇ ಮೊದಲು ಹೆಸರು ಹಾಕಿದಳು.
ಊಟಕ್ಕಲ್ಲ, ಕಾಗದಕ್ಕೆ, ಅಂದಳು.

ಗೋಚ ಸೋತ. ಮೂರು ವಾರಕ್ಕೆ ಬೇರೆ ವ್ಯಾನು ಬಂತು.
ಕೆಮ್ಮಿಲ್ಲ. ನೀಲಿ ಡಬ್ಬಿ, ಕೈಯೊರೆಸುವ ಕಾಗದ,
ಮಗುವಿನದೇನೋ ಎಂಬಷ್ಟು ಪುಟ್ಟ ಮುಳ್ಳುಚಮಚ.
ನುಚ್ಚು ಅದೇ ನುಚ್ಚು, ಆದರೆ ಬಿಸಿ.
ಕಟ್ಲೆಟ್ಟು ಹಿಂದಿನದಕ್ಕಿಂತ ದುಂಡಗೆ.
ತಿಂದೆವು. ಪರವಾಗಿಲ್ಲ ಅಂದೆವು.
ಆಮೇಲೆ ಬದ್ರಿ ಡಬ್ಬಿಯ ಮೂಲೆಯನ್ನು ಬೆರಳಿನಿಂದ ತಡವಿ,
ಅದೆಲ್ಲಿ? ಅಂದ.

ಅದು. ಹಳೆಯ ಡಬ್ಬಿಯ ಮೂಲೆಯಲ್ಲಿ
ಬೆಳ್ಳಿ ಕಾಗದದ ಸಣ್ಣ ಪೊಟ್ಟಣ,
ಒಳಗೆ ಜೋಂಜೋಲಿ ಮೊಗ್ಗಿನ ಉಪ್ಪಿನಕಾಯಿ,
ನಾಲ್ಕೇ ದಂಟು, ಎರಡೆಳೆ ಈರುಳ್ಳಿ, ಒಂದು ಹನಿ ಎಣ್ಣೆ.
ಕರಾರಿನ ಪಟ್ಟಿಯಲ್ಲಿ ಅದು ಇರಲಿಲ್ಲ.
ಆ ಅಡುಗೆಮನೆಯಲ್ಲಿ ಯಾರೋ ಒಬ್ಬರು
ದಿನವೂ ಸುಮ್ಮನೆ ಇಡುತ್ತಿದ್ದರು.
ನಾವು ಮೊದಲು ಅದನ್ನೇ ತಿಂದು
ಆ ಹುಳಿಯ ಬಲದ ಮೇಲೆ ಉಳಿದದ್ದನ್ನು ಬಯ್ಯುತ್ತಿದ್ದೆವು.

ಪತ್ರದ ನಕಲು ತೆಗೆದು ನೋಡಿದೆ.
ಹದಿಮೂರು ಸಾಲು. ಅದರ ಮಾತೇ ಇಲ್ಲ.
ನಮೂನೆಯಲ್ಲಿ ಜಾಗವಿರಲಿಲ್ಲ ಎನ್ನೋಣವೆಂದರೆ
ನಮೂನೆಯೇ ಇರಲಿಲ್ಲ, ಬಿಳಿ ಹಾಳೆ,
ಬರೆದವನು ನಾನು.

ಹೇಳಬಾರದಿತ್ತು ಅಂತಲ್ಲ.
ಬಿಸಿ ಊಟ ಬಿಸಿ ಊಟವೇ, ದುಡ್ಡು ನಮ್ಮದೇ.
ವರ್ಲಾಮ ಈಗ ಏನು ಸಾಗಿಸುತ್ತಾನೋ, ಯಾರೂ ಕೇಳಲಿಲ್ಲ.

ಮಧ್ಯಾಹ್ನ ರಿಯೋನಿ ಹೊಳೆಯಾಚೆಯಿಂದ ಒಂದು ದೂರು:
ವಾರದಿಂದ ನೀರು ಕೆಂಪಗೆ ಬರುತ್ತಿದೆ,
ಬಟ್ಟೆ ಹಾಳು, ಚಹಾ ಹಾಳು, ನೀವೂ ಹಾಳು.
ಕೊನೆಯಲ್ಲಿ, ಬೇರೆ ಶಾಯಿಯಲ್ಲಿ:
ಮೀಟರು ಓದಲು ಬರುವ ಹುಡುಗ
ಬಾಗಿಲಲ್ಲೇ ಬೂಟು ಬಿಚ್ಚುತ್ತಾನೆ, ಒಳ್ಳೆಯವನು.

ಮುದ್ರೆ ಕೈಯಲ್ಲೇ ಇತ್ತು.
ಕಟ್ಲೆಟ್ಟಿನ ಚೂರು ಇನ್ನೂ ಹಲ್ಲಿನ ಸಂದಿಯಲ್ಲಿ.